ಶಾಖ ಕೊಡುವ ಮೊದಲು ದಾರಿ ಬಿಡಿಸಿ: ಹೆಪ್ಪುಗಟ್ಟಿದ ನೀರಿನ ಪೈಪು, ಕಟ್ಟಿಕೊಂಡ ಇಂಧನದ ಲೈನು

ರಾತ್ರಿಯ ಚಳಿ ಸೊನ್ನೆಗಿಂತ ಚೆನ್ನಾಗಿ ಕೆಳಗಿಳಿದು, ಬೆಳಗ್ಗೆ ನಲ್ಲಿ ತಿರುಗಿಸಿದಾಗ ನೀರು ಬರದಿದ್ದರೆ ನಾನು ಮೊದಲು ಹೋಗುವುದು ಮೇನ್ ವಾಲ್ವಿನ ಹತ್ತಿರ. ಅದು ಸಲೀಸಾಗಿ ತಿರುಗುತ್ತದೆಯೇ, ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಮುಂದಿನ ಕೆಲಸ. ಪೈಪು ಆಗಲೇ ಒಡೆದಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಒಡೆದಿದ್ದರೂ ಒಳಗಿನ ಮಂಜುಗಡ್ಡೆ ಬಿರಡೆಯಾಗಿ ಕೂತು ನೀರನ್ನು ತಡೆದಿರುತ್ತದೆ. ನಾವು ಕಷ್ಟಪಟ್ಟು ಕರಗಿಸಿದ ಕೂಡಲೇ ಆ ಬಿರುಕಿನಿಂದ ನೀರು ಚಿಮ್ಮತೊಡಗುತ್ತದೆ. ಆಗ ವಾಲ್ವ್ ಹುಡುಕಲು ಹೊರಟರೆ ಗೋಡೆ, ನೆಲ ಎಲ್ಲ ನೆನೆದು ಹೋಗುತ್ತವೆ.

ಪೈಪು ಒಡೆಯುವುದು ಹೇಗೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ತಾನಾಗಿ ಅರ್ಥವಾಗುತ್ತದೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9 ಶೇಕಡಾ ಹಿಗ್ಗುತ್ತದೆ, ನಿಜ. ಆದರೆ ಮಂಜುಗಡ್ಡೆ ಪಕ್ಕಕ್ಕೆ ಒತ್ತಿದ್ದರಿಂದಲೇ ಪೈಪು ಸೀಳುತ್ತದೆ ಎಂದುಕೊಳ್ಳುವುದು ಬಹುಪಾಲು ತಪ್ಪು. ಗಡ್ಡೆ ಪೈಪಿನ ಉದ್ದಕ್ಕೂ ಬೆಳೆಯುತ್ತ ಹೋಗುತ್ತದೆ. ಬೆಳೆಯುತ್ತ ತನ್ನ ಮುಂದಿರುವ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ತಳ್ಳುತ್ತದೆ. ಆ ನೀರಿಗೆ ಹೋಗಲು ಜಾಗವಿಲ್ಲ. ಮೂರು-ನಾಲ್ಕು ಬಾರ್ (ಒಂದು ಬಾರ್ ಅಂದರೆ ಸುಮಾರು ವಾತಾವರಣದ ಒತ್ತಡದಷ್ಟು) ಇದ್ದ ಒತ್ತಡ ನೂರಾರು ಬಾರ್‌ಗೆ ಏರುತ್ತದೆ. ಹೀಗಾಗಿ ಪೈಪು ಸೀಳುವುದು ಅನೇಕ ಸಲ ಗಡ್ಡೆ ಇರುವ ಜಾಗದಲ್ಲಲ್ಲ, ಗಡ್ಡೆಗೂ ನಲ್ಲಿಗೂ ನಡುವೆ, ಬೆಚ್ಚಗಿರುವ ಭಾಗದಲ್ಲಿ. ಗಡ್ಡೆಯ ಇನ್ನೊಂದು ಕಡೆ, ಅಂದರೆ ಮೇನ್ ಕಡೆ, ನೀರು ಹಿಂದಕ್ಕೆ ಸರಿಯಬಹುದು. ಅಲ್ಲಿ ಒತ್ತಡ ಅಷ್ಟು ಏರುವುದಿಲ್ಲ. ತಾಮ್ರದ ಪೈಪು ಮೊದಲು ಉಬ್ಬಿ ಆಮೇಲೆ ಉದ್ದಕ್ಕೆ ಸೀಳುತ್ತದೆ. ಪಿವಿಸಿ ಚಳಿಯಲ್ಲಿ ಪೆಡಸಾಗಿರುವುದರಿಂದ ಉಬ್ಬದೆ ಚೂರಾಗುತ್ತದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಹಿಗ್ಗಿ ತಾಳಿಕೊಳ್ಳುತ್ತದೆ, ಆದರೆ ಅದರ ಫಿಟ್ಟಿಂಗುಗಳು ತಾಳಿಕೊಳ್ಳುವುದಿಲ್ಲ.

ಆದ್ದರಿಂದಲೇ ನಲ್ಲಿ ತೆರೆದಿಡಬೇಕು. ನೀರು ಬರುತ್ತಿಲ್ಲ ಎಂದು ಮತ್ತೆ ಬಿಗಿಯಾಗಿ ಮುಚ್ಚುವುದು ಎಲ್ಲರೂ ಮಾಡುವ ಕೆಲಸ, ಅದೇ ಕೆಟ್ಟದ್ದು. ತೆರೆದಿಟ್ಟರೆ ಒತ್ತಡ ಇಳಿಯುತ್ತದೆ, ಕರಗಿದ ನೀರು ಹೊರಗೆ ಬರುತ್ತದೆ, ಒಂದು ಎಳೆಯಷ್ಟು ನೀರು ಹರಿಯತೊಡಗಿದರೂ ಆ ಹರಿವೇ ಉಳಿದ ಗಡ್ಡೆಯನ್ನು ಸವೆಸುತ್ತದೆ.

ಇನ್ನು ಗಡ್ಡೆ ಎಲ್ಲಿದೆ ಎಂದು ಪತ್ತೆ ಮಾಡುವುದು. ಮನೆಯ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತಿರುಗಿಸಿ ನೋಡುತ್ತೇನೆ. ಒಂದೇ ನಲ್ಲಿ ನಿಂತಿದ್ದರೆ ಆ ಕವಲಿನಲ್ಲೇ ತೊಂದರೆ. ಒಂದೇ ನಲ್ಲಿಯಲ್ಲಿ ತಣ್ಣೀರು ನಿಂತು ಬಿಸಿನೀರು ಬರುತ್ತಿದ್ದರೆ ಹುಡುಕಾಟ ಇನ್ನೂ ಕಿರಿದಾಯಿತು. ಎಲ್ಲೂ ಬರುತ್ತಿಲ್ಲವೆಂದರೆ ಮೀಟರಿನ ಹತ್ತಿರವೋ, ಪೈಪು ಮನೆಯೊಳಗೆ ನುಗ್ಗುವ ಜಾಗದಲ್ಲೋ ಕಟ್ಟಿಕೊಂಡಿದೆ. ಆಮೇಲೆ ಆ ಕವಲಿನ ಉದ್ದಕ್ಕೂ ಕೈಯಾಡಿಸುತ್ತ ಹೋಗಬೇಕು. ಹೊರಗೋಡೆಗೆ ಅಂಟಿದ ಸಿಂಕಿನ ಕೆಳಭಾಗ, ಬಿಸಿ ಮಾಡದ ನೆಲದಡಿಯ ಜಾಗ, ಅಟ್ಟ, ಗ್ಯಾರೇಜು, ಗೋಡೆಯ ತೂತಿನಿಂದ ಗಾಳಿ ನುಗ್ಗುವ ಕಡೆಯ ಬೆಂಡು, ಇವೇ ಸಾಮಾನ್ಯ ತಾಣಗಳು. ಪೈಪಿನ ಮೇಲೆ ಬಿಳಿ ಹಿಮದ ಪುಡಿ ಕೂತಿದ್ದರೆ ಕಣ್ಣಿಗೇ ಕಾಣುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಬೇಗ ಸಿಗುತ್ತದೆ, ಆದರೆ ಹೊಳೆಯುವ ತಾಮ್ರದ ಮೇಲೆ ಅದು ತಪ್ಪು ತೋರಿಸುತ್ತದೆ. ಅಲ್ಲಲ್ಲಿ ಕಪ್ಪು ಇನ್ಸುಲೇಶನ್ ಟೇಪು ಅಂಟಿಸಿ ಟೇಪಿನ ಮೇಲೆ ಗುರಿಯಿಟ್ಟು ಓದಬೇಕು. ಹೀಗೆ ಹುಡುಕುವಾಗಲೇ ಉಬ್ಬು, ಕೂದಲೆಳೆಯ ಬಿರುಕು, ಜಾರಿದ ಜಾಯಿಂಟು ಕಂಡರೆ ಮೇನ್ ಮುಚ್ಚಿಯೇ ಕರಗಿಸುತ್ತೇನೆ. ಅಂಥ ಗುರುತು ಏನೂ ಇಲ್ಲದಿದ್ದರೆ ಮೇನ್ ತೆರೆದಿರಲಿ, ಅದರ ಹತ್ತಿರ ಒಬ್ಬರು ನಿಂತಿರಲಿ.

ಕರಗಿಸುವುದು ನಲ್ಲಿಯ ಕಡೆಯಿಂದ ಶುರುವಾಗಬೇಕು, ಅಲ್ಲಿಂದ ಗಡ್ಡೆಯ ಕಡೆಗೆ ಸರಿಯುತ್ತ ಹೋಗಬೇಕು. ನಡುವಿನಲ್ಲಿ ಬಿಸಿ ಮಾಡಿದರೆ ಎರಡು ಗಡ್ಡೆಗಳ ನಡುವೆ ಕರಗಿದ ನೀರು ಸಿಕ್ಕಿಕೊಳ್ಳುತ್ತದೆ. ಶಾಖ ಜೋರಾಗಿದ್ದರೆ ಅಲ್ಲೇ ಉಗಿಯಾಗಿ ಪೈಪು ಸಿಡಿಯುತ್ತದೆ. ಹೇರ್ ಡ್ರೈಯರ್ ಸಾಕು. ಅದು ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆ ಸುತ್ತಿ, ತಣ್ಣಗಾದಂತೆಲ್ಲ ಬದಲಿಸುವುದು. ಬಟ್ಟೆಯ ವಿಧಾನ ನಿಧಾನವಾದರೂ ಶಾಖ ಪೈಪಿಗೇ ತಾಗುತ್ತದೆ, ಕರೆಂಟಿನ ಭಯವಿಲ್ಲ. ಡ್ರೈಯರ್ ಹಿಡಿಯುವವರು ಒದ್ದೆ ನೆಲದಲ್ಲಿ ನಿಲ್ಲಬಾರದು. ಕರೆಂಟು ಸೋರಿದರೆ 30 ಮಿಲಿಆಂಪಿಯರ್‌ಗೇ ಸಂಪರ್ಕ ಕಡಿಯುವ ಸ್ವಿಚ್ಚು (ಆರ್‌ಸಿಸಿಬಿ) ಇರುವ ಸಾಕೆಟ್ಟಿಗೇ ಅದನ್ನು ಸಿಕ್ಕಿಸಬೇಕು. ಗೋಡೆಯೊಳಗಿನ ಪೈಪಾದರೆ ಸಿಂಕಿನ ಕೆಳಗಿನ ಬಾಗಿಲು ತೆರೆದು, ಸಣ್ಣ ಹೀಟರನ್ನು ಸುರಕ್ಷಿತ ಅಂತರದಲ್ಲಿಟ್ಟು, ಕೋಣೆಯನ್ನೇ ಬಿಸಿ ಮಾಡಿ ಕಾಯುವುದೇ ಉಳಿದ ದಾರಿ. ಹೀಟರನ್ನು ಹಾಗೇ ಬಿಟ್ಟು ಹೊರಗೆ ಹೋಗಬಾರದು.

ಎಷ್ಟು ಹೊತ್ತು ಬೇಕು? ಇದಕ್ಕೆ ಲೆಕ್ಕ ಹಾಕಬಹುದು, ಹಾಕಿದರೆ ತಾಳ್ಮೆಯೂ ಬರುತ್ತದೆ. ಒಳವ್ಯಾಸ 15 ಮಿ.ಮೀ. ಇರುವ ಪೈಪಿನ ಒಂದು ಮೀಟರಿನಲ್ಲಿ ಸುಮಾರು 175 ಮಿ.ಲೀ. ನೀರಿರುತ್ತದೆ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. ಅಷ್ಟೇ ಶಾಖ ಅದೇ ತೂಕದ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸುತ್ತದೆ. ಹಾಗಾಗಿ ಆ ಒಂದು ಮೀಟರಿಗೆ ಸುಮಾರು 58 ಕಿಲೋಜೂಲ್. 1,500 ವ್ಯಾಟ್ ಡ್ರೈಯರಿನ ಶಾಖದಲ್ಲಿ ಹತ್ತನೇ ಒಂದು ಭಾಗ ಪೈಪಿನೊಳಗೆ ಇಳಿಯಿತು ಎಂದಿಟ್ಟುಕೊಂಡರೆ ಆರೇಳು ನಿಮಿಷ. ಇದು ತಾಮ್ರದ ಮಾತು. ಪ್ಲಾಸ್ಟಿಕ್ ಶಾಖವನ್ನು ತಾಮ್ರಕ್ಕಿಂತ ಸಾವಿರ ಪಟ್ಟಿನ ಆಸುಪಾಸು ಕಡಿಮೆ ಸಾಗಿಸುವುದರಿಂದ ಅಲ್ಲಿ ಹಲವು ಪಟ್ಟು ಹೆಚ್ಚು ಹೊತ್ತು ಬೇಕು. ನಿಧಾನವಾಯಿತೆಂದು ಪ್ಲಾಸ್ಟಿಕ್ಕಿಗೆ ಜೋರು ಶಾಖ ಕೊಡುವ ಹಾಗೂ ಇಲ್ಲ: ಪಿವಿಸಿ 60 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ಬಿಸಿನೀರಿಗೆ ಬಳಸುವ ಸಿಪಿವಿಸಿಯ ಮಿತಿ 93 ಡಿಗ್ರಿ. ಬಣ್ಣ ಸುಲಿಯುವ ಹೀಟ್ ಗನ್ನಿನ ಗಾಳಿ ಇದನ್ನೆಲ್ಲ ಸುಲಭವಾಗಿ ಮೀರುತ್ತದೆ, ಅದನ್ನು ಪ್ಲಾಸ್ಟಿಕ್ ಪೈಪಿನ ಹತ್ತಿರ ತರಲೇಬೇಡಿ. ಕೈ ಇಟ್ಟರೆ ತಾಳಿಕೊಳ್ಳುವಷ್ಟು ಬಿಸಿ, ಅದಕ್ಕಿಂತ ಹೆಚ್ಚು ಬೇಡ.

ಬ್ಲೋ ಲ್ಯಾಂಪಿನ ವಿಷಯದಲ್ಲಿ ನನ್ನ ಮಾತು ಖಡಕ್ಕಾಗಿಯೇ ಇದೆ: ಮನೆಯೊಳಗಿನ ಪೈಪಿಗೆ ಬೆಂಕಿ ಹಿಡಿಯಬಾರದು, ಎಷ್ಟೇ ಅನುಭವಿಯಾದರೂ. ತಾಮ್ರದ ಬೆಸುಗೆ ಬಿಟ್ಟುಹೋಗುತ್ತದೆ ಎನ್ನುವುದು ಸಣ್ಣ ನಷ್ಟ. ಗೋಡೆಯೊಳಗಿನ ಒಣ ಮರ, ಧೂಳು, ಫೋಮು ಹೊಗೆಯಾಡುತ್ತ ಉಳಿದು, ಕೆಲಸ ಮುಗಿಸಿ ಹೋದ ಮೇಲೆ ಹೊತ್ತಿಕೊಳ್ಳುವುದು ದೊಡ್ಡದು. ವೆಲ್ಡಿಂಗ್ ಯಂತ್ರದಿಂದ ಲೋಹದ ಪೈಪಿನಲ್ಲಿ ಕರೆಂಟು ಹರಿಸುವ ಹಳೆಯ ಪದ್ಧತಿಯೂ ಹಾಗೆಯೇ. ಕರೆಂಟು ನಾವು ಅಂದುಕೊಂಡ ಪೈಪಿನಲ್ಲೇ ಹರಿಯುತ್ತದೆ ಎಂಬ ಖಾತ್ರಿಯಿಲ್ಲ, ಅರ್ಥಿಂಗ್ ತಂತಿಯಲ್ಲೋ ಪಕ್ಕದ ಮನೆಯ ಪೈಪಿನಲ್ಲೋ ಹೋಗಿ ಅಲ್ಲಿ ಕಾಯಿಸುತ್ತದೆ.

ನೀರು ಬರತೊಡಗಿದ ಮೇಲೆ ಪೂರ್ತಿ ಧಾರೆ ಬರುವವರೆಗೂ ಬಿಸಿ ನಿಲ್ಲಿಸಬಾರದು. ಆಮೇಲೆ ನಲ್ಲಿಗಳನ್ನು ಮುಚ್ಚಿ, ಮೇನ್ ತೆರೆದಿಟ್ಟು, ಮೀಟರ್ ನೋಡಬೇಕು: ಯಾರೂ ನೀರು ಬಳಸದಿರುವಾಗ ಮುಳ್ಳು ಕದಲುತ್ತಿದ್ದರೆ ಎಲ್ಲೋ ಸೋರುತ್ತಿದೆ. ಒಣಗಿದ ಕಾಗದವನ್ನು ಜಾಯಿಂಟುಗಳ ಕೆಳಗೆ ಒತ್ತಿ ಹಿಡಿದರೆ ಸಣ್ಣ ಜಿನುಗೂ ಸಿಗುತ್ತದೆ. ನಲ್ಲಿಯ ತುದಿಯ ಜಾಲರಿ ಬಿಚ್ಚಿ ತೊಳೆಯಿರಿ. ಕರಗುವಾಗ ಕದಲಿದ ತುಕ್ಕು, ಸುಣ್ಣದ ಹುಡಿ ಅಲ್ಲಿ ಬಂದು ಕೂತಿರುತ್ತದೆ.

ಹೆಪ್ಪುಗಟ್ಟದಂತೆ ತಡೆಯುವ ಕೆಲಸದಲ್ಲಿ ಜನ ಮೊದಲು ಪೈಪಿಗೆ ಸುತ್ತುವ ಫೋಮ್ ಕವಚ ಕೊಳ್ಳುತ್ತಾರೆ. ನಾನು ಮೊದಲು ಗಾಳಿಯ ತೂತು ಮುಚ್ಚುತ್ತೇನೆ. ಕೇಬಲ್ ಒಳಬರುವ ರಂಧ್ರ, ಗೋಡೆಗೂ ತಳಪಾಯಕ್ಕೂ ನಡುವಿನ ಸಂದು, ಒಂದು ಬೆರಳಷ್ಟಿದ್ದರೂ ಅಲ್ಲಿಂದ ಬೀಸುವ ತಣ್ಣನೆಯ ಗಾಳಿ ಪೈಪಿನ ಒಂದೇ ಜಾಗದ ಶಾಖವನ್ನು ಎಡೆಬಿಡದೆ ಎಳೆದೊಯ್ಯುತ್ತದೆ. ಕವಚ ಇಲ್ಲದ ಪೈಪುಗಳಿಗೆ ಹೊರಗಿನ ಚಳಿ -7 ಡಿಗ್ರಿಗೆ ಇಳಿಯುವುದೇ ಎಚ್ಚರಿಕೆಯ ಗೆರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಆದರೆ ಗಾಳಿ ನೇರವಾಗಿ ಬಡಿಯುವ ಕಡೆ ಅಷ್ಟು ಇಳಿಯುವವರೆಗೆ ಕಾಯಬೇಕಾಗಿಲ್ಲ. ಫೋಮ್ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗುವುದನ್ನು ನಿಧಾನಿಸುತ್ತದೆ, ಅಷ್ಟೆ. ನೀರು ನಿಂತೇ ಇದ್ದರೆ ಸಣ್ಣ ಪೈಪಿಗೆ ಅದು ಕೆಲವು ಗಂಟೆಗಳ ಬಿಡುವು ಕೊಡುತ್ತದೆ. ರಾತ್ರಿಯಿಡೀ, ಮರುದಿನವೂ ಚಳಿ ಮುಂದುವರಿದರೆ ಒಳಗಿನ ನೀರು ಹೆಪ್ಪುಗಟ್ಟಿಯೇ ತೀರುತ್ತದೆ. ಫೋಮ್ ಸುತ್ತುವಾಗ ಬೆಂಡು, ವಾಲ್ವು, ಕ್ಲಾಂಪಿನ ಜಾಗಗಳನ್ನು ಬಿಟ್ಟುಬಿಡುವುದು ಸಾಮಾನ್ಯ. ಗಡ್ಡೆ ಶುರುವಾಗುವುದೂ ಅಲ್ಲೇ.

ಬಿಸಿ ಮಾಡದ ಜಾಗದ ಪೈಪಿಗೆ ಕರೆಂಟಿನಿಂದ ಬೆಚ್ಚಗಾಗುವ ಹೀಟಿಂಗ್ ಕೇಬಲ್ ಬೇಕು. ಇದರಲ್ಲಿ ಎರಡು ಜಾತಿ. ಉದ್ದಕ್ಕೂ ಒಂದೇ ಶಾಖ ಕೊಡುವ ಕೇಬಲನ್ನು ಒಂದರ ಮೇಲೊಂದು ಬರುವಂತೆ ಸುತ್ತಿದರೆ ಅಡ್ಡ ಹಾಯ್ದ ಜಾಗ ಸುಟ್ಟುಹೋಗುತ್ತದೆ, ಬೇಕಾದ ಉದ್ದಕ್ಕೆ ಕತ್ತರಿಸುವಂತೆಯೂ ಇಲ್ಲ. ತಾನಾಗಿ ಹೊಂದಿಕೊಳ್ಳುವ ಕೇಬಲ್ ತಣ್ಣಗಿರುವ ಕಡೆ ಹೆಚ್ಚು, ಬೆಚ್ಚಗಿರುವ ಕಡೆ ಕಡಿಮೆ ಕರೆಂಟು ತೆಗೆದುಕೊಳ್ಳುತ್ತದೆ. ದುಬಾರಿಯಾದರೂ ನಾನು ಹೇಳುವುದು ಇದನ್ನೇ. ಮನೆಯ ಪೈಪಿಗೆ ಮೀಟರಿಗೆ 10ರಿಂದ 20 ವ್ಯಾಟ್ ಸಾಮಾನ್ಯ. ಪೈಪಿನ ತಳಭಾಗಕ್ಕೆ ನೇರವಾಗಿ ಹಾಯಿಸಿ 30 ಸೆಂ.ಮೀ.ಗೊಂದು ಟೇಪು ಕಟ್ಟಿದರೆ ಸಾಕು. ಪ್ಲಾಸ್ಟಿಕ್ ಪೈಪಾದರೆ ಕೇಬಲಿನ ಕೆಳಗೆ ಅಲ್ಯುಮಿನಿಯಂ ಟೇಪು ಹಾಸಿ, ಶಾಖ ಹರಡಿಕೊಳ್ಳುತ್ತದೆ. ಥರ್ಮೋಸ್ಟ್ಯಾಟಿನ ಸೆನ್ಸರ್ ಪೈಪಿನ ಅತಿ ತಣ್ಣನೆಯ ಜಾಗಕ್ಕೆ ಅಂಟಿರಬೇಕು. ಬೆಚ್ಚನೆಯ ತುದಿಯಲ್ಲಿಟ್ಟರೆ ಅದು ಕೇಬಲನ್ನು ಚಾಲೂ ಮಾಡುವುದೇ ಇಲ್ಲ. ಮೇಲಿನ ಕವಚ ಯಾವುದು, ಎಷ್ಟು ದಪ್ಪ ಎಂಬುದನ್ನು ಕೇಬಲಿನ ಜೊತೆ ಬಂದ ಹಾಳೆಯಲ್ಲಿ ಹೇಳಿದಂತೆಯೇ ಮಾಡಬೇಕು. ಚಳಿ ಬರುವ ಮುನ್ನ ಒಂದು ಸಲ ಸೆನ್ಸರನ್ನು ಮಂಜುಗಡ್ಡೆಯ ಚೀಲದಲ್ಲಿಟ್ಟು ಕೇಬಲ್ ಬೆಚ್ಚಗಾಗುತ್ತದೆಯೇ ಎಂದು ಮುಟ್ಟಿ ನೋಡಿ.

ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡುವುದು ಕೆಲಸ ಮಾಡುತ್ತದೆ. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎಂಬುದಕ್ಕಿಂತ, ಗಡ್ಡೆ ಕಟ್ಟಿದರೂ ಒತ್ತಡಕ್ಕೆ ದಾರಿಯಿರುತ್ತದೆ ಎಂಬುದೇ ಇದರ ಮುಖ್ಯ ಲಾಭ. ಬಿಸಿನೀರಿನ ಪೈಪೂ ಹೊರಗೋಡೆಯಲ್ಲಿದ್ದರೆ ಎರಡನ್ನೂ ಬಿಡಬೇಕು. ಸಿಂಕಿನ ಹೊರಕೊಳವೆ ಚಳಿಗೆ ತೆರೆದುಕೊಂಡಿದ್ದರೆ ಮಾತ್ರ ತೊಟ್ಟು ನೀರು ಅಲ್ಲಿ ಪದರ ಪದರವಾಗಿ ಕಟ್ಟಿ ಹೊರಕೊಳವೆಯನ್ನೇ ಮುಚ್ಚುತ್ತದೆ. ಅಂಥ ಕಡೆ ತೊಟ್ಟಿಗಿಂತ ತೆಳುವಾದ ಧಾರೆ ವಾಸಿ. ಮನೆ ಬಿಟ್ಟು ಹೋಗುವಾಗ ಒಳಗಿನ ಉಷ್ಣತೆ 13 ಡಿಗ್ರಿಗಿಂತ ಕೆಳಗಿಳಿಯದಂತೆ ಇಡಬೇಕು. ಬಿಸಿಯೇ ಇಲ್ಲದೆ ತಿಂಗಳುಗಟ್ಟಲೆ ಬಿಡುವುದಾದರೆ ಮೇನ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನೂ ಎಲ್ಲಕ್ಕಿಂತ ಮೇಲಿನದನ್ನೂ ತೆರೆದು ಖಾಲಿ ಮಾಡಿ, ಕಂಪ್ರೆಸರಿನಿಂದ ಸುಮಾರು 3 ಬಾರ್ ಗಾಳಿ ಹಾಯಿಸಿ ಉಳಿದ ನೀರು ಊದಬೇಕು. ಗೀಸರಿನ ಕರೆಂಟು ಮೊದಲೇ ತೆಗೆದಿರಬೇಕು, ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಉರಿದುಹೋಗುತ್ತದೆ. ಸಿಂಕು, ಕಮೋಡಿನ ಬಾಗುಗಳಲ್ಲಿ ನಿಂತ ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಪ್ಲಂಬಿಂಗ್ ಆ್ಯಂಟಿಫ್ರೀಜ್ ಸುರಿಯಿರಿ. ಕಾರಿನ ರೇಡಿಯೇಟರಿನ ಎಥಿಲೀನ್ ಗ್ಲೈಕಾಲ್ ವಿಷ, ಅದು ಇಲ್ಲಿ ಬೇಡ.

ಹೊರಗಿನ ನಲ್ಲಿಗೆ ಹೋಸ್ ಪೈಪು ಸಿಕ್ಕಿಸಿಯೇ ಬಿಡುವುದು ಇನ್ನೊಂದು ಹಾನಿ. ಚಳಿ ತಡೆಯುವ ಉದ್ದ ಕಾಂಡದ ನಲ್ಲಿಯಲ್ಲಿ ನೀರನ್ನು ನಿಲ್ಲಿಸುವ ವಾಷರ್ ಬೆಚ್ಚನೆಯ ಗೋಡೆಯೊಳಗಿರುತ್ತದೆ, ಮುಚ್ಚಿದಾಗ ಮುಂದಿನ ನೀರು ಹೊರಗೆ ಸುರಿದುಹೋಗಬೇಕು. ಹೋಸ್ ಇದ್ದರೆ ಆ ನೀರು ಹೋಗದೆ ಕಾಂಡದಲ್ಲೇ ನಿಂತು ಅದನ್ನು ಸೀಳುತ್ತದೆ. ಚಳಿ ಮುಗಿದು ನಲ್ಲಿ ತೆರೆದಾಗಲೇ ಗೋಡೆಯೊಳಗೆ ನೀರು ಸುರಿಯುವುದು ಗೊತ್ತಾಗುವುದು.

ಇಂಧನದ ಲೈನಿಗೆ ಬಂದರೆ, ಡೀಸೆಲ್ ನೀರಿನ ಹಾಗೆ ಒಮ್ಮೆಲೇ ಗಟ್ಟಿಯಾಗುವುದಿಲ್ಲ. ಅದರಲ್ಲಿ ಸಹಜವಾಗಿ ಇರುವ ಮೇಣ ಚಳಿಗೆ ಹರಳಾಗಿ ಬೇರ್ಪಡುತ್ತದೆ. ಹರಳು ಕಾಣಿಸಿಕೊಂಡು ಡೀಸೆಲ್ ಮಬ್ಬಾಗುವ ಉಷ್ಣತೆಯೊಂದು, ಫಿಲ್ಟರ್ ಕಟ್ಟುವ ಉಷ್ಣತೆ ಅದಕ್ಕಿಂತ ಕೆಳಗೆ, ಸುರಿದರೂ ಹರಿಯದಂತಾಗುವುದು ಇನ್ನೂ ಕೆಳಗೆ. ನಮ್ಮನ್ನು ನಿಲ್ಲಿಸುವುದು ಎರಡನೆಯದು. ಯುರೋಪಿನ ಇಎನ್ 590 ಮಾನದಂಡದಲ್ಲಿ ಫಿಲ್ಟರ್ ಕಟ್ಟುವ ಮಿತಿಯನ್ನೇ ಹಿಡಿದು ದರ್ಜೆ ಮಾಡಿದ್ದಾರೆ: ಎ ದರ್ಜೆಗೆ +5 ಡಿಗ್ರಿ, ಎಫ್ ದರ್ಜೆಗೆ -20, ಅತಿ ಶೀತದ 4ನೇ ವರ್ಗಕ್ಕೆ -44. ಟ್ಯಾಂಕಿನಲ್ಲಿ ಬೇಸಿಗೆಯ ಡೀಸೆಲ್ ಉಳಿಸಿಕೊಂಡು ಚಳಿಯ ಕಡೆಗೆ ಹೊರಟ ಗಾಡಿಗಳೇ ಹೆಚ್ಚಾಗಿ ನಿಲ್ಲುತ್ತವೆ.

ಲಕ್ಷಣ ಸ್ಪಷ್ಟ: ಎಂಜಿನ್ ಸ್ಟಾರ್ಟ್ ಆಗುತ್ತದೆ, ಫಿಲ್ಟರಿನಾಚೆ ಉಳಿದ ಡೀಸೆಲ್ ತೀರುವವರೆಗೆ ಓಡುತ್ತದೆ, ಆಮೇಲೆ ಬಲ ಕಳೆದುಕೊಂಡು ನಿಲ್ಲುತ್ತದೆ. ಸೆಲ್ಫ್ ಹೊಡೆದಾಗ ಎಂಜಿನ್ ತಿರುಗುವುದೇ ಇಲ್ಲವೆಂದರೆ ಅದು ಬ್ಯಾಟರಿಯ ವಿಷಯ, ಇಂಧನದ್ದಲ್ಲ. ನಿಂತ ಮೇಲೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಇಂಧನವೇ ಬಾರದ ಎಂಜಿನನ್ನು ತಿರುಗಿಸಿದರೆ ಬ್ಯಾಟರಿಯೂ ಹೋಗುತ್ತದೆ, ಅಧಿಕ ಒತ್ತಡದ ಪಂಪು ಒಣಗಿ ಸವೆಯುತ್ತದೆ. ಮೊದಲು ಫಿಲ್ಟರ್ ಬಿಚ್ಚುತ್ತೇನೆ. ಒಳಗೆ ತೆಳು ಹಳದಿ ಮುದ್ದೆ ಬೆರಳಿಗೆ ಜಿಡ್ಡಾಗಿ ಹತ್ತಿದರೆ ಮೇಣ. ಗರಿಗರಿ ಹರಳು ಕೈಯ ಬಿಸಿಗೆ ನೀರಾದರೆ ಅದು ಮಂಜುಗಡ್ಡೆ, ಅಂದರೆ ನೀರು ಬೇರ್ಪಡಿಸುವ ಬಟ್ಟಲನ್ನು ಬಹಳ ದಿನದಿಂದ ಬಸಿದಿಲ್ಲ.

ಪರಿಹಾರದಲ್ಲಿ ಅತ್ಯುತ್ತಮವಾದುದು ಗಾಡಿಯನ್ನು ಬೆಚ್ಚನೆಯ ಗ್ಯಾರೇಜಿಗೆ ಎಳೆದೊಯ್ದು ಹಲವು ಗಂಟೆ ಬಿಡುವುದು. ಅದಾಗದಿದ್ದರೆ ಹೊಸ ಫಿಲ್ಟರಿಗೆ ಚಳಿಗಾಲದ ಡೀಸೆಲ್ ತುಂಬಿ ಹಾಕಿ, ಕೈಪಂಪು ಒತ್ತಿ ಗಾಳಿ ತೆಗೆದು, ಲೈನಿನ ಮೇಲೆ ಬಿಸಿನೀರಿನ ಬಟ್ಟೆ ಸುತ್ತಿ ಪ್ರಯತ್ನಿಸಬಹುದು. ಟ್ಯಾಂಕಿನ ಡೀಸೆಲ್ ಇನ್ನೂ ಮಬ್ಬಾಗಿದ್ದರೆ ಹೊಸ ಫಿಲ್ಟರೂ ಸ್ವಲ್ಪ ಹೊತ್ತಿನಲ್ಲಿ ಕಟ್ಟುತ್ತದೆ, ಈ ಮಾತು ಮರೆಯಬಾರದು. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದನ್ನು ಕೇಳಿದ್ದೀರಾದರೆ, ದಯವಿಟ್ಟು ಅದನ್ನು ಮಾಡಬೇಡಿ.

ಮೇಣ ತಡೆಯುವ ಆ್ಯಂಟಿಜೆಲ್ ದ್ರಾವಣ ಹರಳು ಹುಟ್ಟುವಾಗಲೇ ಅದನ್ನು ದೊಡ್ಡದಾಗದಂತೆ ನೋಡಿಕೊಳ್ಳುತ್ತದೆ. ಹುಟ್ಟಿಬಿಟ್ಟ ಹರಳನ್ನು ಅದು ಕರಗಿಸುವುದಿಲ್ಲ. ಹಾಗಾಗಿ ಡೀಸೆಲ್ ಬೆಚ್ಚಗಿರುವಾಗ, ತುಂಬಿಸುವ ಮೊದಲೇ ಟ್ಯಾಂಕಿಗೆ ಸುರಿದರೆ ಚೆನ್ನಾಗಿ ಬೆರೆಯುತ್ತದೆ. ಕಟ್ಟಿದ ಮೇಲೆ ಹಾಕುವ ತುರ್ತು ದ್ರಾವಣ ಬೇರೆಯೇ. ಸೀಮೆಎಣ್ಣೆ ಶೇಕಡಾ 10 ಬೆರೆಸಿದರೆ ಮಬ್ಬಾಗುವ ಉಷ್ಣತೆ ಅಂದಾಜು ಒಂದೂವರೆ-ಎರಡು ಡಿಗ್ರಿ ಇಳಿಯುತ್ತದೆ, ಆದರೆ ಅದಕ್ಕೆ ಜಾರುಗುಣ ಕಡಿಮೆ. ಅಧಿಕ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಇಂದಿನ ಕಾಮನ್ ರೈಲ್ ಎಂಜಿನಿಗೆ ತಯಾರಕರು ಒಪ್ಪದೆ ಬೆರೆಸಬಾರದು. ಪೆಟ್ರೋಲ್ ಬೆರೆಸುವ ಹಳೆಯ ಪದ್ಧತಿಯಂತೂ ಈಗ ಪಂಪಿಗೂ ಇಂಜೆಕ್ಟರಿಗೂ ಕುತ್ತು. ಜೈವಿಕ ಡೀಸೆಲ್ ಹೆಚ್ಚು ಬೆರೆತಿದ್ದರೆ ಇನ್ನಷ್ಟು ಮೊದಲೇ ಕಟ್ಟುತ್ತದೆ, ತಾಳೆ ಎಣ್ಣೆಯದಂತೂ ಸೊನ್ನೆಗಿಂತ ಸಾಕಷ್ಟು ಮೇಲೆಯೇ ಮಬ್ಬಾಗುತ್ತದೆ.

ಪೆಟ್ರೋಲಿನಲ್ಲಿ ಮೇಣದ ಕಾಟವಿಲ್ಲ; ಲೈನು ಕಟ್ಟುವುದು ಅದರಲ್ಲಿ ಸೇರಿದ ನೀರಿನಿಂದ. ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ಕೂತ ತೇವ ತಳಕ್ಕಿಳಿದು, ಲೈನು ತಗ್ಗಿದ ಕಡೆ ಹೆಪ್ಪುಗಟ್ಟುತ್ತದೆ. ಟ್ಯಾಂಕ್ ತುಂಬಿಟ್ಟರೆ ತೇವ ಕೂರಲು ಜಾಗವೇ ಕಡಿಮೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ದ್ರಾವಣ ನೀರನ್ನು ತನ್ನೊಳಗೆ ಸೆಳೆದುಕೊಂಡು ಎಂಜಿನ್ನಿಗೆ ಸಾಗಿಸಿ ಸುಡುತ್ತದೆ. ಶೇಕಡಾ 10 ಎಥನಾಲ್ ಬೆರೆತ ಇ10 ಪೆಟ್ರೋಲಿನಲ್ಲಿ ಆಲ್ಕೋಹಾಲ್ ಆಗಲೇ ಇರುವುದರಿಂದ ಸುಮಾರು ಅರ್ಧ ಶೇಕಡಾ ನೀರನ್ನು ಅದೇ ಹಿಡಿದಿಡುತ್ತದೆ. ಮಿತಿ ಮೀರಿದರೆ ಎಥನಾಲ್ ನೀರಿನೊಡನೆ ಸೇರಿ ತಳಕ್ಕೆ ಬೇರ್ಪಡುತ್ತದೆ, ಚಳಿ ಹೆಚ್ಚಿದಷ್ಟೂ ಆ ಮಿತಿ ಕಿರಿದಾಗುತ್ತದೆ. ಬೇರ್ಪಟ್ಟ ಮೇಲೆ ದ್ರಾವಣ ಸುರಿದು ಪ್ರಯೋಜನವಿಲ್ಲ, ಟ್ಯಾಂಕ್ ಬಸಿಯಬೇಕು.

ಇಂಧನದಲ್ಲಿನ ಕಿಂಚಿತ್ ನೀರೂ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2008ರ ಜನವರಿ 17ರಂದು ಲಂಡನ್ನಿನ ಹೀತ್ರೋದಲ್ಲಿ ರನ್‌ವೇ ತಲುಪುವ ಮೊದಲೇ ನೆಲಕ್ಕಿಳಿದ ಬೋಯಿಂಗ್ 777 ಉದಾಹರಣೆ. ಇಂಧನದಲ್ಲಿ ಸಹಜವಾಗಿ ಇದ್ದ ನೀರೇ ದೀರ್ಘ ಶೀತದ ಹಾರಾಟದಲ್ಲಿ ಕೊಳವೆಗಳ ಒಳಗೋಡೆಗೆ ಮಂಜುಗಡ್ಡೆಯಾಗಿ ಅಂಟಿಕೊಂಡಿತ್ತು. ಇಳಿಯುವಾಗ ಹರಿವು ಹೆಚ್ಚಾದಾಗ ಕಿತ್ತುಬಂದು ಇಂಧನವನ್ನು ಬಿಸಿ ಮಾಡುವ ಶಾಖ ವಿನಿಮಯಕದ ಬಾಯಿಯಲ್ಲಿ ತಡೆಯಾಯಿತು ಎಂದು ತನಿಖೆ ಕಂಡುಕೊಂಡಿತು. ಸಣ್ಣ ಲೈನಿನಲ್ಲೂ ಗಡ್ಡೆ ಹುಟ್ಟುವ ಜಾಗ ಒಂದು, ಅದು ಹೋಗಿ ಕಟ್ಟುವ ಜಾಗ ಇನ್ನೊಂದು ಆಗಿರಬಹುದು ಎಂಬುದನ್ನು ಹುಡುಕುವಾಗ ನೆನಪಿಡಿ.

ಮನೆ ಬಿಸಿ ಮಾಡುವ ಎಣ್ಣೆಯ ಟ್ಯಾಂಕ್ ಹೊರಗಿದ್ದರೆ ಕಟ್ಟುವುದು ಹೆಚ್ಚಾಗಿ ಟ್ಯಾಂಕಿನ ಬಾಯಲ್ಲಿರುವ ಫಿಲ್ಟರಿನಲ್ಲಿ. ಅದನ್ನು ಮನೆಯೊಳಗೆ ಸರಿಸಿ, ಹೊರಗಿನ ಲೈನನ್ನು ಒಂದು ಅಳತೆ ದಪ್ಪನೆಯದಕ್ಕೆ ಬದಲಿಸಿ, ಕವಚ ಹಾಕಿದರೆ ಬಹುಪಾಲು ತೊಂದರೆ ತೀರುತ್ತದೆ. ತಳದ ನೀರನ್ನು ಚಳಿಗೆ ಮುನ್ನ ಬಸಿಯಬೇಕು. ಗ್ಯಾಸ್ ಸಿಲಿಂಡರಿನದು ಬೇರೆ ಕಥೆ. ಬ್ಯುಟೇನ್ ಕುದಿಯುವುದು -0.5 ಡಿಗ್ರಿಯಲ್ಲಿ, ಪ್ರೊಪೇನ್ -42ರಲ್ಲಿ. ಬ್ಯುಟೇನ್ ಸಿಲಿಂಡರ್ ಸೊನ್ನೆಯ ಚಳಿಯಲ್ಲಿ ತುಂಬಿದ್ದರೂ ಒಲೆ ಉರಿಯುವುದಿಲ್ಲ. ಅಲ್ಲಿ ಏನೂ ಕಟ್ಟಿಕೊಂಡಿಲ್ಲ, ಅನಿಲವೇ ಏಳುತ್ತಿಲ್ಲ. ಪ್ರೊಪೇನಿಗೆ ಬದಲಿಸುವುದೇ ಸರಿಯಾದ ದಾರಿ. ರೆಗ್ಯುಲೇಟರ್ ಹೆಪ್ಪುಗಟ್ಟಿದ್ದರೆ ಸಿಲಿಂಡರ್ ಮುಚ್ಚಿ, ಉಗುರುಬೆಚ್ಚಗಿನ ನೀರಿನ ಬಟ್ಟೆ ಅದರ ಮೇಲಿಟ್ಟು, ಗಾಳಿರಂಧ್ರಕ್ಕೆ ನೀರು ಹೋಗದಂತೆ ನೋಡಿಕೊಂಡು ಕರಗಿಸಿ. ರೆಗ್ಯುಲೇಟರಿನ ಆ ಗಾಳಿರಂಧ್ರ ಕೆಳಮುಖವಾಗಿರುವಂತೆ ಜೋಡಿಸಿದರೆ ಮಳೆ, ಹಿಮದ ನೀರು ಅದರೊಳಗೆ ನಿಲ್ಲುವುದಿಲ್ಲ.